ನಲವತ್ತೈದು ರೂಪಾಯಿಯ ವಿಷ್ಣುವರ್ಧನ್

ನಮ್ಮ ಆಲ್ದೂರಿನ ಕಡೆ ಯಾರನ್ನೂ ಬರೀ ಹೆಸರಿನಿಂದ ಗುರುತಿಸುವುದಿಲ್ಲ. ಹೆಸರಿಗೆ ಕೆಲಸ ಅಂಟಿಕೊಂಡೇ ಇರಬೇಕು. ಕಾಫಿ ತೋಟದಲ್ಲಿ ಚೆಕ್‌ರೋಲ್ ಬರೆದು ಬಟವಾಡೆ ಲೆಕ್ಕ ನೋಡುವವರು ರೈಟ್ರು. ಅವರು ಕೆಲಸ ಬಿಟ್ಟು ಇಪ್ಪತ್ತು ವರ್ಷ ಆಗಿದ್ದರೂ ರೈಟ್ರು ರೈಟ್ರೇ, ಅವರ ಮಗ ರೈಟ್ರ ಮಗ. ಹೀಗಾಗಿ ಟೀವಿಯಲ್ಲಿ ಹೊಸ ಮುಖ ಕಂಡರೆ ನಮ್ಮೂರಿನವರು ಕೇಳುವ ಪ್ರಶ್ನೆ ‘ಇವ ಯಾವ ಪಿಕ್ಚರಲ್ಲಿ ಇದ್ದ?’ ಅಂತಲ್ಲ. ‘ಇವ ಮೊದಲು ಎಂತ ಮಾಡ್ಕೊಂಡಿದ್ದ ಮಾರಾಯ?’ ಅಂತ. ಗಾಂಧಿನಗರಕ್ಕೂ ಈ ಪ್ರಶ್ನೆ ಗೊತ್ತಿದ್ದಿರಬೇಕು, ಇಲ್ಲದಿದ್ದರೆ ಜನಾರ್ದನ್ ಎಂಬ ನಟರು ಆಯುಷ್ಯಪೂರ್ತಿ ‘ಬ್ಯಾಂಕ್’ ಜನಾರ್ದನ್ ಆಗಿ ಉಳಿಯುತ್ತಿರಲಿಲ್ಲ.

ಇತ್ತೀಚೆಗೆ ‘ಮಾಲ್ಗುಡಿ ಡೇಸ್’ ಅನ್ನು ಮತ್ತೆ ಮೊದಲಿನಿಂದ ನೋಡಿದೆ, ಈ ಸಲ ನಮ್ಮೂರಿನ ಪ್ರಶ್ನೆಯನ್ನೇ ಇಟ್ಟುಕೊಂಡು. ಆರ್.ಕೆ. ನಾರಾಯಣ್ ಕಥೆಗಳು, 1986-87ರಲ್ಲಿ ದೂರದರ್ಶನಕ್ಕಾಗಿ ಶಂಕರ್‌ನಾಗ್ ನಿರ್ದೇಶಿಸಿದ್ದು, ಟಿ.ಎಸ್. ನರಸಿಂಹನ್ ನಿರ್ಮಾಣ, ಎಲ್. ವೈದ್ಯನಾಥನ್ ಸಂಗೀತ. ಶಂಕರ್‌ಗೆ ಆಗ ಮೂವತ್ತೊಂದೋ ಮೂವತ್ತೆರಡೋ. (ಈ ಲೆಕ್ಕ ಹಾಕಬಾರದಿತ್ತು. ಆ ವಯಸ್ಸಲ್ಲಿ ನಾನು ಯಾರೋ ಬರೆದ ಕೋಡಿನ ಬಗ್ ಫಿಕ್ಸ್ ಮಾಡುತ್ತಿದ್ದೆ.) ಮಾಲ್ಗುಡಿಗೆ ಊರಾಗಿದ್ದು ನಮ್ಮ ಕಡೆಯ ಆಗುಂಬೆ. ಬಾಳೆಹೊನ್ನೂರು, ಕೊಪ್ಪ ದಾಟಿ ಹೋದರೆ ಸಿಗುತ್ತದೆ. ‘ಸ್ವಾಮಿ’ಯಂಥ ಒಂದೆರಡು ಹಲವು ಕಂತುಗಳಿಗೆ ಹಬ್ಬಿದ್ದು ಬಿಟ್ಟರೆ ಉಳಿದವು ಬಹುಪಾಲು ಒಂದೊಂದೂ ಒಂದು ಪುಟ್ಟ ಟೆಲಿಚಿತ್ರ. ಕಥೆ ಬೇರೆ, ನಟರು ಬೇರೆ, ಮುಗಿದ ಮೇಲೆ ಮುಂದಿನ ವಾರಕ್ಕೆ ಬಾಕಿ ಏನೂ ಇಲ್ಲ.

ಮೊದಲು ಕಣ್ಣಿಗೆ ಬೀಳುವವರು ಸ್ವಾಮಿಯ ಅಪ್ಪ, ಗಿರೀಶ್ ಕಾರ್ನಾಡ್. ನಾವೆಲ್ಲ ಅವರನ್ನು ‘ತುಘಲಕ್’ ಬರೆದವರು, ಜ್ಞಾನಪೀಠದವರು ಅಂತ ಓದಿಕೊಂಡವರು. ಆದರೆ ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಮೇಲೆ 1963ರಿಂದ 1970ರವರೆಗೆ, ಏಳು ವರ್ಷ, ಅವರು ಮದ್ರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿ ನೌಕರಿ ಮಾಡಿದವರು. ಆಮೇಲೆ 1974-75ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರು. ಅಂದರೆ ಫೈಲು, ಸಹಿ, ಮೀಟಿಂಗು ಎಲ್ಲ ಕಂಡವರು. ಆ ಅಪ್ಪನನ್ನು ಸುಮ್ಮನೆ ಗಮನಿಸಿ. ಮಗ ಲೆಕ್ಕ ತಪ್ಪಿದಾಗ ಅವರಿಗೆ ಬರುವುದು ಸಿನಿಮಾ ಅಪ್ಪನ ಕೋಪವಲ್ಲ, ಫೈಲು ಲೇಟಾದಾಗ ಸಾಹೇಬರಿಗೆ ಬರುವ ಬೇಸರ. ನೋಡುವವರು ತನ್ನನ್ನು ಇಷ್ಟಪಡಲಿ ಅನ್ನುವ ಆಸೆ ಆ ಮುಖದಲ್ಲಿ ಕಾಣುವುದಿಲ್ಲ. ನಮ್ಮ ಸಿನಿಮಾ ಅಪ್ಪಂದಿರು ಎಷ್ಟೇ ಗಡುಸಾಗಿರಲಿ, ಕೊನೆಗೆ ಮಗನನ್ನು ತಬ್ಬಿಕೊಂಡು ಅತ್ತೇ ತೀರಬೇಕು. ಕಾರ್ನಾಡರಿಗೆ ಆ ದರ್ದು ಇರಲಿಲ್ಲ.

ಆಮೇಲೆ ಜಿ.ಕೆ. ಗೋವಿಂದರಾವ್. ಇಂಗ್ಲಿಷ್ ಮೇಷ್ಟ್ರು. ಆಮೇಲೆ ಲೋಹಿತಾಶ್ವ. ಅವರೂ ಇಂಗ್ಲಿಷ್ ಮೇಷ್ಟ್ರೇ! ಇವರಿಗೂ ಮುಂಚೆ, 1970ರಲ್ಲಿ, ಇದೇ ಕಾರ್ನಾಡ್ ಪ್ರಾಣೇಶಾಚಾರ್ಯರಾದ ‘ಸಂಸ್ಕಾರ’ ನಮ್ಮ ಜಿಲ್ಲೆಯ ಶೃಂಗೇರಿ ಹತ್ತಿರ ಶೂಟಿಂಗ್ ಆಯಿತಲ್ಲ, ಅದರಲ್ಲಿ ನಾರಣಪ್ಪನಾದ ಪಿ. ಲಂಕೇಶ್ ಕೂಡ ಇಂಗ್ಲಿಷ್ ಮೇಷ್ಟ್ರೇ. ಅದರ ಕಥೆ ಬರೆದ ಅನಂತಮೂರ್ತಿಯವರದ್ದೂ ಅದೇ ಉದ್ಯೋಗ. ಕಾಲೇಜುಗಳಲ್ಲಿ ಇಂಗ್ಲಿಷ್ ವಿಭಾಗ ಇಲ್ಲದಿದ್ದರೆ ಕನ್ನಡದ ಪರದೆ ಎಷ್ಟು ಭಣಗುಡುತ್ತಿತ್ತೋ ಏನೋ. ಕನ್ನಡ ಮೀಡಿಯಂನಿಂದ ಬಂದು, ಬಿಇ ಮೊದಲ ಸೆಮಿಸ್ಟರಿನಲ್ಲಿ ಇಂಗ್ಲಿಷ್ ಕೇಳಿದರೇ ಬೆವರುತ್ತಿದ್ದ ನನ್ನಂಥವನಿಗೆ ಇದು ಸ್ವಲ್ಪ ಉರಿಯುವ ವಿಷಯ, ಹೋಗಲಿ ಬಿಡಿ. ಲೋಹಿತಾಶ್ವರ ದನಿ ಕೇಳಿದರೆ ಅದು ಮೈಕಿಗೆ ತಯಾರಾದ ದನಿ ಅನ್ನಿಸುವುದಿಲ್ಲ. ಕೊನೇ ಬೆಂಚಿನ ಹುಡುಗ ಕಿಟಕಿಯಾಚೆ ನೋಡುತ್ತಿದ್ದರೆ ಅವನನ್ನು ಎಳೆದು ತರಬಲ್ಲ ದನಿ ಅದು.

ಇನ್ನೊಂದು ಉದಾಹರಣೆ ಮಾಲ್ಗುಡಿಯ ಹೊರಗಿನದು, ಆದರೆ ನಮ್ಮ ಮೂಡಿಗೆರೆ ತೇಜಸ್ವಿಯವರ ಕಥೆಯದ್ದು. ಗಿರೀಶ್ ಕಾಸರವಳ್ಳಿಯವರ ‘ತಬರನ ಕಥೆ’ಯಲ್ಲಿ ಪೆನ್ಷನ್ನಿಗಾಗಿ ಕಚೇರಿ ಕಚೇರಿ ಅಲೆಯುವ ತಬರ ಆದವರು ಚಾರುಹಾಸನ್. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಅವರು ನಟನಾಗುವ ಮುಂಚೆ ತಮಿಳುನಾಡಿನಲ್ಲಿ ವಕೀಲರು. ಮೇಜಿನ ಆಚೆ ಕೂತು, ಈಚೆ ಕಾಗದದ ಕಟ್ಟು ಹಿಡಿದು ಕುರ್ಚಿಯ ತುದಿಯಲ್ಲಿ ಕೂರುವ ಕಕ್ಷಿದಾರರನ್ನು ವರ್ಷಗಟ್ಟಲೆ ನೋಡಿರಲೇಬೇಕು. ತಬರ ಕೂರುವುದೂ ಹಾಗೆಯೇ. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳ ಕೋರ್ಟು ಸೀನುಗಳು ಮನೆಮನೆಯ ಮಾತಾಗಿದ್ದರ ಹಿಂದೆಯೂ ಅವರು ಕಾನೂನು ಓದಿದ್ದರ ಪಾಲು ಇದೆ.

ಇಷ್ಟು ಸಾಕ್ಷಿ ಜೋಡಿಸಿಕೊಂಡು ‘ನೌಕರಿ ಮಾಡಿದ ಮೈಯೇ ನೌಕರನ ಪಾತ್ರ ಮಾಡಬಲ್ಲದು’ ಅಂತ ತೀರ್ಪು ಬರೆದುಬಿಡಬಹುದಿತ್ತು. ಅಷ್ಟರಲ್ಲಿ ಅಡ್ಡ ಬಂದವರು ವಿಷ್ಣುವರ್ಧನ್.

ಕಂತಿನ ಹೆಸರು ‘ರುಪೀಸ್ ಫಾರ್ಟಿಫೈವ್ ಎ ಮಂತ್’. ವೆಂಕಟರಾವ್ ಒಬ್ಬ ಗುಮಾಸ್ತ. ಬೆಳಿಗ್ಗೆ ಮಗಳು ಏಳುವ ಹೊತ್ತಿಗೆ ಹೊರಟಿರುತ್ತಾನೆ, ರಾತ್ರಿ ಬರುವಷ್ಟರಲ್ಲಿ ಅವಳು ಮಲಗಿರುತ್ತಾಳೆ. ಇವತ್ತು ಸಿನಿಮಾಗೆ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದಾನೆ, ಪುಟ್ಟ ಶಾಂತಾ ರೆಡಿಯಾಗಿ ಕಾಯುತ್ತಿದ್ದಾಳೆ. ಆಫೀಸಿನಲ್ಲಿ ಬಿಡುವುದಿಲ್ಲ. ನಲವತ್ತು ರೂಪಾಯಿಗೆ ನನ್ನನ್ನೇ ಕೊಂಡುಕೊಂಡ ಹಾಗೆ ಆಡುತ್ತಾರಲ್ಲ ಅಂತ ರೋಸಿಹೋಗಿ ರಾಜೀನಾಮೆ ಬರೆಯುತ್ತಾನೆ. ಕೊಡಲು ಹೋದರೆ ಗೊತ್ತಾಗುತ್ತದೆ, ಐದು ರೂಪಾಯಿ ಸಂಬಳ ಹೆಚ್ಚಾಗಲಿದೆ. ಪತ್ರ ವಾಪಸ್ ಜೇಬಿಗೆ. ಮನೆಗೆ ಬಂದಾಗ ಮಗಳು ಬಟ್ಟೆ ಕೂಡ ಬದಲಿಸದೆ ನಿದ್ದೆ ಹೋಗಿದ್ದಾಳೆ. ನಾರಾಯಣರ ಕಥೆಯಲ್ಲಿ ಅವನು ಹೆಂಡತಿಗೆ ಹೇಳುವ ಕೊನೆಯ ಮಾತಿನಲ್ಲಿ ಒಂದು ವಿಚಿತ್ರ ಗಣಿತ ಇದೆ: ಸಂಬಳ ಏರಿತು, ಆದ್ದರಿಂದ ಮಗಳನ್ನು ಇನ್ನು ಕರೆದುಕೊಂಡು ಹೋಗುವುದೇ ಅನುಮಾನ.

ಐಟಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ, ಆರು ವಾರ ರಿಹರ್ಸಲ್ ಮಾಡಿದ ನಾಟಕದ ದಿನವೇ ಪ್ರೊಡಕ್ಷನ್ ರಿಲೀಸ್ ಬಂತು. ನನ್ನದೇನೂ ದೊಡ್ಡ ಪಾರ್ಟಲ್ಲ, ಹತ್ತು ನಿಮಿಷದ ಹೆಡ್ ಕಾನ್‌ಸ್ಟೇಬಲ್. ಬೇರೆಯವರು ಖಾಕಿ ಹಾಕಿಕೊಂಡರು. ಆ ವರ್ಷ ಒಳ್ಳೇ ರೇಟಿಂಗೇ ಕೊಟ್ಟರು. ಹೈಕ್ ಲೆಟರ್ ಓದುವಾಗ ಮಾತ್ರ ವೆಂಕಟರಾಯರು ಪಕ್ಕದ ಕ್ಯೂಬಿಕಲ್‌ನಲ್ಲೇ ಇದ್ದ ಹಾಗಿತ್ತು.

ಈಗ ವಿಷ್ಣು ಹಿನ್ನೆಲೆ ನೋಡಿ. ಎಲ್ಲೂ ಗುಮಾಸ್ತಗಿರಿ ಇಲ್ಲ. ಅಪ್ಪ ಎಚ್.ಎಲ್. ನಾರಾಯಣರಾವ್ ಸಿನಿಮಾದವರೇ. ‘ವಂಶವೃಕ್ಷ’ದಲ್ಲಿ ಚಿಕ್ಕ ಪಾತ್ರ, 1972ರಲ್ಲಿ ‘ನಾಗರಹಾವು’, ಆಮೇಲೆ ತಿರುಗಿ ನೋಡಿದ್ದಿಲ್ಲ. 1982ರ ‘ಸಾಹಸಸಿಂಹ’ ಆದ ಮೇಲಂತೂ ಅದು ಹೆಸರಿನ ಹಿಂದಿನ ಬಿರುದೇ ಆಯಿತು. ಅಂಥವರು ಇಲ್ಲಿ ಐದು ರೂಪಾಯಿಗೆ ಕುಸಿಯುವ ಮನುಷ್ಯ. ಹೀರೋನ ಯಾವ ಕುರುಹೂ ಇಲ್ಲ. ಸಾಹೇಬರ ಎದುರು ನಿಂತ ಅವರನ್ನು ನೋಡಿದಾಗ ನನಗೆ ನೆನಪಾಗಿದ್ದು ದೊರೆಗಳ ಜೀಪು ತೋಟದೊಳಗೆ ಬಂದಾಗ ಪೆನ್ನು ಕಿಸೆಗೆ ಸಿಕ್ಕಿಸಿ ನಿಲ್ಲುತ್ತಿದ್ದ ನಮ್ಮ ರೈಟ್ರು. ಯಾವ ಆಫೀಸಿನಲ್ಲೂ ಹಾಜರಿ ಹಾಕದವರಿಗೆ ಇದು ಹೇಗೆ ಬಂತು?

ನನಗೆ ಕಾಣುವ ಉತ್ತರ ಇದು. ಕಾರ್ನಾಡರಿಗೆ, ಗೋವಿಂದರಾಯರಿಗೆ ಅವರ ಬೇರೆ ಕೆಲಸ ಕೊಟ್ಟಿದ್ದು ಬರೀ ಅನುಭವ ಅಲ್ಲ, ನಿಶ್ಚಿಂತೆ. ಈ ಪಾತ್ರ ಕೆಟ್ಟರೂ ಸೋಮವಾರ ಕ್ಲಾಸ್ ಇದ್ದೇ ಇದೆ, ಒಂದನೇ ತಾರೀಕು ಸಂಬಳ ಇದ್ದೇ ಇದೆ. ಅನ್ನ ಈ ಪರದೆಯಿಂದ ಬರುತ್ತಿಲ್ಲ ಅಂದಮೇಲೆ ಪರದೆ ಮೇಲೆ ಚಿಕ್ಕವನಾಗಿ ಕಾಣಲು ಹೆದರಿಕೆ ಏಕೆ? ವಿಷ್ಣುಗೆ ಸಿನಿಮಾದಲ್ಲಿ ಈ ಸವಲತ್ತು ಇರಲಿಲ್ಲ. ಅಲ್ಲಿ ಅಭಿಮಾನಿಗಳು, ಹಂಚಿಕೆದಾರರು, ಶಿಳ್ಳೆ. ದೂರದರ್ಶನದ ಒಂದು ಕಂತು, ಅದೂ ಹಿಂದಿಯಲ್ಲಿ, ಅವರ ಮಾರ್ಕೆಟ್ಟಿಗೆ ಸಂಬಂಧವೇ ಇಲ್ಲದ ಜಾಗ. ಶಂಕರ್‌ನಾಗ್ ಅವರಿಗೆ ಕೊಟ್ಟಿದ್ದು ಒಂದು ಪಾತ್ರ ಮಾತ್ರ ಅಲ್ಲ, ಸ್ಟಾರ್ ಕೆಲಸಕ್ಕೆ ಕೆಲವು ದಿನದ ಕ್ಯಾಶುಯಲ್ ಲೀವ್. ವೆಂಕಟರಾಯನಿಗೆ ಸಿಗದೇ ಹೋದದ್ದು ಅದೇ.

ಹಾಗಂತ ‘ಆ ಕಾಲದ ಹವ್ಯಾಸಿಗಳೇ ಶ್ರೇಷ್ಠ’ ಅಂತ ಗೋಳಾಡುವವರ ಜೊತೆ ನಾನಿಲ್ಲ. ಆ ನಿಶ್ಚಿಂತೆ ಸಿಕ್ಕಿದ್ದು ಯಾರಿಗೆ? ಓದಿದ, ಕಾಯಂ ನೌಕರಿಯ, ಬಹುಪಾಲು ಗಂಡಸರಿಗೆ. ಅದೇ ಧಾರಾವಾಹಿಯಲ್ಲಿ ಸ್ವಾಮಿಯ ಅಮ್ಮನಾದ ವೈಶಾಲಿ ಕಾಸರವಳ್ಳಿಯವರದ್ದು ಉದ್ದಕ್ಕೂ ಇದೇ ಲೋಕ: ರಂಗಭೂಮಿ, ಸಿನಿಮಾ, ಆಮೇಲೆ ‘ಮೂಡಲ ಮನೆ’ಯ ನಿರ್ದೇಶನ. ಬಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು, ಅವರ ಮನೆತನಕ್ಕೆ ನಾಟಕವೇ ಗದ್ದೆ, ನಾಟಕವೇ ಫಸಲು. ಉಮಾಶ್ರೀ ನಾಟಕ, ಸಿನಿಮಾ ಮಾಡಿಯೇ ಸಂಸಾರ ಸಾಗಿಸಿ ‘ಗುಲಾಬಿ ಟಾಕೀಸ್’ಗೆ ರಾಷ್ಟ್ರಪ್ರಶಸ್ತಿ ತಂದವರು. ಇವರಿಗೆ ಹಿಂದುಗಡೆ ಪೆನ್ಷನ್ ಇರಲಿಲ್ಲ. ಇವರ ಧೈರ್ಯ ಮೇಷ್ಟ್ರುಗಳ ಧೈರ್ಯಕ್ಕಿಂತ ದುಬಾರಿಯದ್ದು, ನನ್ನ ಲೆಕ್ಕದಲ್ಲಿ ಒಂದು ಕೈ ಮೇಲೂ ಹೌದು.

ಈಗಿನ ದಿನದ ಧಾರಾವಾಹಿಗಳಿಗೆ ಬಂದರೆ, ನಟರನ್ನು ಬೈದು ಉಪಯೋಗವಿಲ್ಲ. ಆಗ ವಾರಕ್ಕೊಂದು ಕಂತು, ಹದಿಮೂರಕ್ಕೆ ಮುಗಿಯುವಂಥದ್ದು. ರಜೆ ಹಾಕಿ ಬಂದು ಹೋಗಬಹುದಿತ್ತು. ಈಗ ವಾರಕ್ಕೆ ಐದಾರು, ವರ್ಷಗಟ್ಟಲೆ. ಮುಖ್ಯ ಪಾತ್ರ ಸಿಕ್ಕರೆ ತಿಂಗಳ ಅರ್ಧಕ್ಕಿಂತ ಹೆಚ್ಚು ದಿನ ಸೆಟ್ಟಿನಲ್ಲೇ. ಯಾವ ಕಾಲೇಜು, ಯಾವ ಕಂಪನಿ ಅಷ್ಟು ರಜೆ ಕೊಡುತ್ತದೆ? ಬೇರೆ ಕೆಲಸ ಇರುವವರು ಸೋಸಿಹೋದರು. ಉಳಿದವರಿಗೆ ಇದೇ ಅನ್ನ. ಟಿಆರ್‌ಪಿ ಇಳಿದರೆ ಪಾತ್ರವನ್ನು ಅಮೆರಿಕಕ್ಕೋ ಸ್ವರ್ಗಕ್ಕೋ ಕಳಿಸುತ್ತಾರೆ. ಹೆದರಿಕೊಂಡೇ ನಟಿಸಬೇಕು, ಚಂದ ಕಂಡುಕೊಂಡೇ ಅಳಬೇಕು. ಇದರ ಜೊತೆಗೆ ಕೆಲಸ ಅನ್ನುವುದೇ ಕಥೆಯಿಂದ ಮಾಯವಾಯಿತು. ಹೀರೋ ಯಾವಾಗಲೂ ಎಂಡಿ. ಯಾವುದರ ಎಂಡಿ ಅಂತ ಅವನಿಗೂ ಗೊತ್ತಿಲ್ಲ, ಫೈಲ್ ತೆರೆಯದೆ ಸಹಿ ಹಾಕುತ್ತಾನೆ. ನಾಯಕಿಯ ತಮ್ಮ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದರೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಊಟಕ್ಕೆ ಕೂರುತ್ತಾನೆ. ಲಕ್ಷಗಟ್ಟಲೆ ಜನ ಇದೇ ಕೆಲಸ ಮಾಡುವ ಊರಿನಲ್ಲಿ ನಮ್ಮ ಪಾಲಿನ ವೆಂಕಟರಾಯ ಇನ್ನೂ ಟೀವಿಗೆ ಬಂದಿಲ್ಲ.

ನಟರು ಇಲ್ಲ ಅಂತಲ್ಲ. ವೀಕೆಂಡ್‌ನಲ್ಲಿ ರಂಗಶಂಕರಕ್ಕೆ ಹೋಗಿ ನೋಡಿ, ವೇದಿಕೆ ಮೇಲಿರುವವರಲ್ಲಿ ಕಂಪನಿ ಬ್ಯಾಡ್ಜ್ ಬ್ಯಾಗಿನಲ್ಲಿಟ್ಟು ಬಂದವರು ಸಿಕ್ಕೇ ಸಿಗುತ್ತಾರೆ. ರಾತ್ರಿ ಎಂಟರ ಮೇಲೆ ರಿಹರ್ಸಲ್, ಮಧ್ಯೆ ಅಮೆರಿಕದ ಕಾಲ್. ಇವರು ನೌಕರಿಯ ಸಂಕಟ ಬಲ್ಲರು, ಪರದೆಯಿಂದ ಅನ್ನ ಬೇಡದವರು. ಇವರಿಗೆ ಹೊಂದುವ ಹದಿಮೂರು ಕಂತಿನ ಕೆಲಸವನ್ನು ಯಾವ ಚಾನೆಲ್ ಕೊಡುತ್ತದೆ ಅನ್ನುವುದಷ್ಟೇ ಪ್ರಶ್ನೆ.

ಸ್ವಾಮಿಯಾಗಿದ್ದ ಮಾಸ್ಟರ್ ಮಂಜುನಾಥ್ ಹತ್ತಾರು ಸಿನಿಮಾ ಮಾಡಿ, ದೊಡ್ಡವರಾಗುವ ಹೊತ್ತಿಗೆ ನಟನೆ ಬಿಟ್ಟು ಓದು, ಉದ್ಯೋಗ ಅಂತ ನಮ್ಮ ಕಡೆಗೆ ಬಂದರು. ಎಲ್ಲರೂ ಇಲ್ಲಿಂದ ಅಲ್ಲಿಗೆ ಹೋಗಲು ಹವಣಿಸುವಾಗ ಅವರು ಉಲ್ಟಾ ಬಂದರು. ದತ್ತಣ್ಣನವರದ್ದು ಇನ್ನೊಂದು ದಾರಿ. ಇಂಜಿನಿಯರಿಂಗ್ ಓದಿ, ವಾಯುಸೇನೆಯಲ್ಲಿ ಎರಡು ದಶಕ ಕಳೆದು, ಎಚ್‌ಎಎಲ್‌ನಲ್ಲೂ ಇದ್ದು, ನಲವತ್ತು ದಾಟಿದ ಮೇಲೆ ಸಿನಿಮಾಕ್ಕೆ ಬಂದವರು. ‘ಮುನ್ನುಡಿ’ಗೆ ರಾಷ್ಟ್ರಪ್ರಶಸ್ತಿ ಪಡೆದರು. ನಮ್ಮೂರಲ್ಲಿ ಅವರನ್ನು ತೋರಿಸಿ ಅದೇ ಹಳೇ ಪ್ರಶ್ನೆ ಕೇಳಿದಾಗ ನಾನು ‘ಏರ್‌ಫೋರ್ಸ್‌ನಲ್ಲಿದ್ರು, ಅದಕ್ಕೂ ಮೊದಲು ಬಿಇ’ ಅಂದೆ. ‘ಹೌದಾ? ನಿಂದೂ ಅದೇ ಅಲ್ವಾ ಮಾರಾಯ’ ಅಂದರು. ನಲವತ್ತಕ್ಕೆ ನನಗಿನ್ನೂ ಐದು ವರ್ಷ ಇದೆ. ಹೆಡ್ ಕಾನ್‌ಸ್ಟೇಬಲ್ ಡೈಲಾಗು ಈಗಲೂ ಬಾಯಿಪಾಠ.