ಹಿಡಿ ಶೇಂಗಾ, ಇಡೀ ಚೀಲ

ಜಗಳೂರಿನಲ್ಲಿ ಶೇಂಗಾ ಕೊಳ್ಳಲು ಬಂದವನು ಮೊದಲು ರಾಶಿಗೆ ಕೈಹಾಕುತ್ತಾನೆ. ನಾಲ್ಕು ಕಾಯಿ ಒಡೆದು, ಬೀಜ ಗಟ್ಟಿಯೋ ಜೊಳ್ಳೋ ನೋಡಿ, ಎರಡು ಬಾಯಿಗೆಸೆದುಕೊಂಡು ಆಮೇಲೆ ದರ ಕೇಳುತ್ತಾನೆ. ಒಂದು ಹಿಡಿ ಹೋಯಿತೆಂದು ರೈತ ಗೊಣಗುವುದಿಲ್ಲ. ವಿಡಿಯೊ ಗೇಮ್‌ನವರು ಇದನ್ನು ಡೆಮೊ ಎನ್ನುತ್ತಾರೆ. ಚೀಲವನ್ನೇ ಹೊತ್ತೊಯ್ದರೆ ಪೈರಸಿ. ಆದರೆ ಗೇಮ್‌ನಲ್ಲಿ ಎಷ್ಟು ಚೀಲ ಹೋದರೂ ರಾಶಿ ಕರಗದು, ತಕರಾರೆಲ್ಲ ಅಲ್ಲೇ.

ಈ ತಕರಾರನ್ನೇ ಆಟವಾಗಿಸಿದ್ದು 2013ರ ‘ಗೇಮ್ ಡೆವ್ ಟೈಕೂನ್’. ಆಟಗಾರ ಇಲ್ಲಿ ಸಣ್ಣದೊಂದು ಗೇಮ್ ಕಂಪನಿಯ ಯಜಮಾನ. ಇದನ್ನು ಮಾಡಿದ ಗ್ರೀನ್‌ಹಾರ್ಟ್ ಗೇಮ್ಸ್‌ನ ಅಣ್ಣತಮ್ಮಂದಿರು ‘ಕದ್ದ ಪ್ರತಿ’ಯೊಂದನ್ನು ತಾವೇ ತಯಾರಿಸಿ ಟೊರೆಂಟ್‌ಗೆ ಬಿಟ್ಟರು. ಅದರಲ್ಲಿ ಕೆಲ ಗಂಟೆ ಎಲ್ಲವೂ ಸುಸೂತ್ರ. ಆಮೇಲೆ ಆಟದೊಳಗಿನ ಗಿರಾಕಿಗಳು ನಿಮ್ಮ ಗೇಮ್‌ಗಳನ್ನು ಕದಿಯತೊಡಗುತ್ತಾರೆ; ಎಂಥ ಗೇಮ್ ಮಾಡಿದರೂ ದಿವಾಳಿ. ಕದ್ದು ಆಡುತ್ತಿದ್ದವರೇ ಪೈರಸಿ ತಡೆಯುವ ಉಪಾಯ ಕೇಳಿ ಅಂತರ್ಜಾಲದಲ್ಲಿ ಗೋಳಾಡಿದರು. ಮೊದಲ ದಿನದ ಲೆಕ್ಕ: ಕೊಂಡವರು 214, ಕದ್ದವರು 3,104.

ವ್ಯಂಗ್ಯವಾಗಿ ಇದು ಸೊಗಸು. ವ್ಯಾಪಾರದ ಲೆಕ್ಕವಾಗಿ ಅರೆಬರೆ. ಕದ್ದ ಅಷ್ಟೂ ಜನ ಕೊಳ್ಳಬಹುದಾಗಿದ್ದ ಗಿರಾಕಿಗಳೇ?

ಆ ಕಾಲಕ್ಕೆ ಇಲ್ಲಿ ನಾವು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ತುಂಬಿಸುತ್ತಿದ್ದೆವು. “ಅಣ್ಣಾ, ಗೇಮ್ ಹಾಕಿಕೊಡ್ರಿ” ಅಂದರೆ ಉಗುರಿನಷ್ಟಗಲದ ಕಾರ್ಡನ್ನು ರೀಡರ್‌ಗೆ ಸಿಕ್ಕಿಸಿ, “ಡೆಮೊ ಯಾಕೆ, ಫುಲ್ ವರ್ಷನ್ನೇ ಐತೆ” ಎನ್ನುತ್ತಿದ್ದ. ಇಪ್ಪತ್ತು ರೂಪಾಯಿ ಕೊಟ್ಟು ಬರುತ್ತಿದ್ದೆವು. ಅಂದರೆ ನಾವು ಪುಕ್ಕಟೆ ಆಡಲಿಲ್ಲ. ಕೊಟ್ಟ ದುಡ್ಡು ಗೇಮ್ ಮಾಡಿದವನಿಗೆ ಮುಟ್ಟಲಿಲ್ಲ. ಮುಟ್ಟಿಸಲು ಬೇಕಾದ ಕ್ರೆಡಿಟ್ ಕಾರ್ಡ್ ನಮ್ಮ ಯಾರ ಮನೆಯಲ್ಲೂ ಇರಲಿಲ್ಲ. ಚಹಾದ ದುಡ್ಡನ್ನೂ ಫೋನಿನಲ್ಲೇ ಕೊಡುವ ಇಂದು ಆ ನೆಪ ನಡೆಯದು, ನಿಜ. ಆದರೆ ಆ 3,104ರಲ್ಲಿ ನಮ್ಮಂಥವರೆಷ್ಟು ಎಂದು ಟೈಕೂನ್ ಕೇಳಿಕೊಳ್ಳುವುದಿಲ್ಲ.

ಡೆಮೊ ಕೊಟ್ಟರೆ ಎಲ್ಲ ಸರಿಹೋಗುತ್ತದೆಯೇ? 1993ರ ‘ಡೂಮ್’ ತನ್ನ ಮೂರು ಕಂತುಗಳಲ್ಲಿ ಮೊದಲನೆಯದನ್ನು ಇಡಿಯಾಗಿ ಪುಕ್ಕಟೆ ಹಂಚಿ, ಉಳಿದೆರಡನ್ನು ಮಾರಿ ಗೆದ್ದಿತು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2017ರಲ್ಲಿ ‘ರಾಜಿ’ಯ ಡೆಮೊ ಕೊಟ್ಟು ಕಿಕ್‌ಸ್ಟಾರ್ಟರ್‌ನಲ್ಲಿ ಜನರ ಮುಂದೆ ಕೈಯೊಡ್ಡಿತು, ಗುರಿಯ ಮೊತ್ತ ಕೂಡಲಿಲ್ಲ. ಅದೇ ಆಟ 2020ರಲ್ಲಿ ಹೊರಬಂದು, ದಿ ಗೇಮ್ ಅವಾರ್ಡ್ಸ್‌ನ ಚೊಚ್ಚಲ ಇಂಡೀ ಆಟಗಳ ಪಟ್ಟಿಗೆ ನಾಮನಿರ್ದೇಶನಗೊಂಡಿತು. ಶೇಂಗಾ ಬಾಯಿಗೆಸೆದುಕೊಂಡವರೆಲ್ಲ ಚೀಲ ಹೊರುವುದಿಲ್ಲ, ಬೀಜ ಗಟ್ಟಿಯಿದ್ದರೂ.

ಟೈಕೂನ್‌ನ ಆ ‘ಕದ್ದ ಪ್ರತಿ’ ನಿಜಕ್ಕೂ ಒಂದು ಡೆಮೊವೇ. ಕೆಲ ಗಂಟೆ ಆಡಿಸಿ, ಹುಚ್ಚು ಹಿಡಿಸಿ, ಸರಿಯಾದ ಜಾಗದಲ್ಲೇ ನಿಲ್ಲಿಸುತ್ತದೆ. ಆದರೆ ತಕ್ಕಡಿ ಮುಂದಿಡಬೇಕಾದ ಆ ಗಳಿಗೆಯಲ್ಲಿ ಅದು ನೀತಿಪಾಠ ಶುರುಮಾಡುತ್ತದೆ. ಪಾಠ ಕೇಳಿದವನು ನಕ್ಕು ಎದ್ದುಹೋಗಬಹುದು; ದರ ಕೇಳುವವನು ರುಚಿ ಹತ್ತಿದವನೇ.