ಬೆಳ್ಳಕ್ಕಿಯ ಬಿಳುಪು ಉಳಿಸುವವರು

ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಕೂಡುವಲ್ಲಿ ಹಾರುವ ದೊಡ್ಡ ಬೆಳ್ಳಕ್ಕಿಯನ್ನು ಕ್ಯಾಮೆರಾದಲ್ಲಿ ಹಿಡಿಯುವವರ ಕೈಚಳಕಕ್ಕೆ ನಾನು ಮನಸೋತಿದ್ದೇನೆ. ಹಾರುವಾಗ ಬೆಳ್ಳಕ್ಕಿ ಕತ್ತನ್ನು ಮಡಚಿಕೊಳ್ಳುತ್ತದೆ. ಗದ್ದೆಗಿಳಿಯುವ ಬಿಳಿಕತ್ತಿನ ಕೊಕ್ಕರೆಯಾದರೋ ಕತ್ತನ್ನು ನೀಳವಾಗಿ ಮುಂದಕ್ಕೆ ಚಾಚುತ್ತದೆ. ಹಾರುವ ಮುನ್ನ ಬೆಳ್ಳಕ್ಕಿ ಮೈ ಬಾಗಿಸುವುದನ್ನು ಕಂಡೇ ನುರಿತವರು ಸಜ್ಜಾಗುತ್ತಾರೆ. ಕಾಲೂರಿ ನಿಂತು, ಸೊಂಟದಿಂದ ಮೈ ತಿರುಗಿಸುತ್ತ, ಅದರ ವೇಗಕ್ಕೆ ಸರಿಯಾಗಿ ಲೆನ್ಸ್ ಸಾಗಿಸುತ್ತಾರೆ. ಷಟರ್ ತೆರೆಯುವುದು ಸೆಕೆಂಡಿನ 1/2000 ಭಾಗ ಮಾತ್ರ. ಗರಿಯಂಚು ಕದಡದೆ ನಿಲ್ಲುತ್ತದೆ.

ದೊಡ್ಡ ಪರೀಕ್ಷೆ ಬೆಳಕಿನದು. ದಡದ ಕಾಡು ಕಡುಗಪ್ಪು, ಹಕ್ಕಿ ಅಚ್ಚ ಬಿಳಿ. ಕ್ಯಾಮೆರಾದ ಅಳತೆಯನ್ನೇ ನಂಬಿದರೆ ರೆಕ್ಕೆ ಸುಣ್ಣದ ಗೋಡೆಯಾಗಿಬಿಡುತ್ತದೆ. ಬಲ್ಲವರು ಎಕ್ಸ್‌ಪೋಷರ್ ತಗ್ಗಿಸಿ, ರಾ ಫೈಲಿನಲ್ಲಿ ತೆಗೆದಿಡುತ್ತಾರೆ.

ಮನೆಗೆ ಬಂದ ಮೇಲೆ ಚಿತ್ರ ತಿದ್ದುವ ಕೆಲಸ ಇನ್ನೂ ನಯವಾದದ್ದು. ಹೈಲೈಟ್ ಇಳಿಸಿದಂತೆ ಗರಿಗಳ ಎಳೆ ಒಂದೊಂದೇ ಮೂಡುತ್ತದೆ. ನೆರಳನ್ನು ತುಸು ಎತ್ತಿದರೆ ನೀರಿನಿಂದ ಪುಟಿದು ರೆಕ್ಕೆಯಡಿಗೆ ತಾಗಿದ ಬೆಳಕು ಕಾಣುತ್ತದೆ. ಹಿನ್ನೆಲೆಯ ನಾಯ್ಸ್ ಅಳಿಸುತ್ತಾರೆ, ಗರಿಯನ್ನು ಮುಟ್ಟುವುದಿಲ್ಲ. ಹಾರುವ ದಿಕ್ಕಿಗೆ ಜಾಗ ಬಿಟ್ಟು ಕ್ರಾಪ್ ಮಾಡುತ್ತಾರೆ. ಇಲ್ಲದ್ದನ್ನು ಸೇರಿಸದೆ, ಇದ್ದದ್ದನ್ನೆಲ್ಲ ಕಾಣಿಸುವ ಆ ಸಂಯಮವನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸುತ್ತೇನೆ.