ಉಪ್ಪು ಕಾಗದಕ್ಕೆ ಸಿಕ್ಕ ಪ್ಲಗ್

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800ರ ತಯಾರಿಕೆ 2014ರ ಜನವರಿಯಲ್ಲಿ ನಿಂತಿತು. ಭದ್ರಾವತಿಯ ಕಾಗದನಗರದಲ್ಲಿ 1936ರಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಯೂ ಸದ್ದಡಗಿ ವರ್ಷಗಳಾದವು. ಆದರೆ ಅಂಥ ಕಾರ್ಖಾನೆಯ ಸಂಬಳದಲ್ಲಿ ಕೊಂಡ ಕಾರುಗಳು ಇನ್ನೂ ಓಡುತ್ತಿವೆ. ಹಾಲು ತರಕಾರಿಗೆ, ಆಸ್ಪತ್ರೆಗೆ, ಆಗೊಮ್ಮೆ ಈಗೊಮ್ಮೆ ಶಿವಮೊಗ್ಗಕ್ಕೆ. ಅವುಗಳ ಆರೈಕೆಯಲ್ಲಿ ಅತಿ ಅಗ್ಗದ, ಅತಿ ಹೆಚ್ಚು ಎಡವಟ್ಟಾಗುವ ಕೆಲಸವೆಂದರೆ ಸ್ಪಾರ್ಕ್ ಪ್ಲಗ್ ಬದಲಿಸುವುದು. ನಮ್ಮ ಗ್ಯಾರೇಜುಗಳ ಈ ರೂಢಿಯಲ್ಲಿ ಉಳಿಸಿಕೊಳ್ಳಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ.

ಬಿಡಬೇಕಾದ ಮೊದಲನೆಯದು ಉಪ್ಪು ಕಾಗದ. ಗಾಡಿ ಮಿಸ್ಸಿಂಗ್ ಹೊಡೆದರೆ ಪ್ಲಗ್ ಬಿಚ್ಚಿ, ತಿಕ್ಕಿ, ಪೆಟ್ರೋಲಿನಲ್ಲಿ ಅದ್ದಿ ಮತ್ತೆ ಕೂರಿಸುತ್ತಾರೆ. ಈ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೈಕೋ ಕಂಪನಿಯ ಪ್ಲಗ್ಗೇ ನಮ್ಮ ಕಡೆ ಪ್ಲಗ್ ಆಗಿದ್ದ ದಿನಗಳವು. 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಆಯಿತು. ಮೈಕೋ ದಿನಗಳಲ್ಲಿ ಪೆಟ್ರೋಲಿನಲ್ಲಿ ಸೀಸವಿರುತ್ತಿತ್ತು. ಅದರ ಕಿಟ್ಟ ಪ್ಲಗ್ಗಿನ ಮೂತಿಗೆ ಅಂಟುತ್ತಿದ್ದರಿಂದ ಕ್ಲೀನ್ ಮಾಡುವುದು ನಿಯಮಿತ ಕೆಲಸವಾಗಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂತು. ಕಾರಣ ಹೋಯಿತು, ಚಟ ಉಳಿಯಿತು.

ತಿಕ್ಕಿದ ಪ್ಲಗ್ ಹೊಳೆಯುತ್ತದೆ, ಹೊಸದಾಗುವುದಿಲ್ಲ. ಕಿಡಿ ಸಲೀಸಾಗಿ ಹಾರುವುದು ಚೂಪು ಅಂಚಿನಿಂದ. ಸವೆದು ದುಂಡಗಾದ ಎಲೆಕ್ಟ್ರೋಡಿಗೆ ಉಪ್ಪು ಕಾಗದ ಅಂಚು ತಂದುಕೊಡದು. ಪಿಂಗಾಣಿಯ ನುಣುಪು ಕೆಟ್ಟರೆ ಮಸಿ ಇನ್ನೂ ಬೇಗ ಹಿಡಿಯುತ್ತದೆ. ಉದುರಿದ ಗರಸು ಸಿಲಿಂಡರಿಗೆ ಬಿದ್ದರೆ ಅದು ಬೇರೆಯೇ ಖರ್ಚು. ಸವೆತದಿಂದ ಗ್ಯಾಪ್ ಅಗಲವಾದಷ್ಟೂ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು, ಆ ಭಾರ ಕಾಯಿಲಿನ ಮೇಲೆ. ಮಾರುತಿ 800ರ ಮೂರು ಪ್ಲಗ್ಗಿನ ದುಡ್ಡು ಉಳಿಸಲು ಹೋಗಿ ಕಾಯಿಲ್ ಕೊಳ್ಳುವುದು ಲಾಭವಲ್ಲ.

ಎರಡನೆಯ ತಪ್ಪು ಅಂಗಡಿಯಲ್ಲಿ ನಡೆಯುತ್ತದೆ. ‘ಥ್ರೆಡ್ ಒಂದೇ ಸಾರ್, ಕೂರುತ್ತೆ’ ಎಂಬ ಮಾತು ಅರ್ಧ ನಿಜ. 14 ಮಿ.ಮೀ. ಥ್ರೆಡ್ಡಿನ ಪ್ಲಗ್ ಹತ್ತಾರು ಕಾರುಗಳಿಗೆ ಕೂರುತ್ತದೆ. ಆದರೆ ಉದ್ದ ಬೇರೆಯಿರಬಹುದು, ಶಾಖ ಬಿಟ್ಟುಕೊಡುವ ಗುಣ ಬೇರೆಯಿರಬಹುದು. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. 850ರ ಆಚೆ ಹೋದರೆ ಕಿಡಿಗೆ ಮುಂಚೆಯೇ ಪೆಟ್ರೋಲು ಹೊತ್ತಿಕೊಳ್ಳುವ ಅಪಾಯ. ಶಾಖವನ್ನು ಬೇಗ ಬಿಟ್ಟುಕೊಡುವ, ತೀರಾ ‘ತಣ್ಣನೆಯ’ ಪ್ಲಗ್ ಹಾಕಿದರೆ ಮಾರ್ಕೆಟ್ಟಿಗೆ ಹೋಗಿಬರುವಷ್ಟೇ ಓಡುವ ಕಾರಿನಲ್ಲಿ ಕಪ್ಪಿಡುತ್ತದೆ. ತೀರಾ ‘ಬಿಸಿ’ಯದು ಆಗುಂಬೆ ಘಾಟಿ ಏರುವಾಗ ಕೈಕೊಟ್ಟೀತು. ಇದರ ಮೇಲೆ ಇನ್ನೊಂದು ಗೊಂದಲ: ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಾಗುತ್ತದೆ, ಬಾಷ್‌ನಲ್ಲಿ ಅಂಕಿ ಏರಿದಂತೆ ಬಿಸಿಯಾಗುತ್ತದೆ. ಹಾಗಾಗಿ ಒಂದು ಕಂಪನಿಯ ನಂಬರನ್ನು ಇನ್ನೊಂದಕ್ಕೆ ಅಂದಾಜಿನ ಮೇಲೆ ಹೊಂದಿಸುವಂತಿಲ್ಲ. ಕಾರಿನ ಕೈಪಿಡಿ ಹೇಳಿದ ನಂಬರೇ ಸರಿ.

ಈಚಿನ ಮೋಹ ಇರಿಡಿಯಂ ಪ್ಲಗ್. ಅದರ ಗುಣ ಸುಳ್ಳಲ್ಲ. ನಿಕಲ್ 1,455 ಡಿಗ್ರಿಗೆ ಕರಗಿದರೆ ಇರಿಡಿಯಂ ಕರಗಲು 2,446 ಡಿಗ್ರಿ ಬೇಕು. ಅದಕ್ಕೇ ಅದರ ಸೂಜಿಯಂಥ ತುದಿ ಬಹುಕಾಲ ಸವೆಯುವುದಿಲ್ಲ. ಆದರೆ ವರ್ಷಕ್ಕೆ 3,000 ಕಿ.ಮೀ. ಓಡುವ ಕಾರಿಗೆ, 25,000 ಕಿ.ಮೀ. ಬಾಳುವ ಸಾಧಾರಣ ಪ್ಲಗ್ಗೇ ಲೆಕ್ಕದ ಪ್ರಕಾರ ಎಂಟು ವರ್ಷ ಬಂತು. ‘ಪಿಕಪ್ ಜಾಸ್ತಿಯಾಗುತ್ತೆ’ ಎಂಬ ಆಸೆಗೆ ಹೆಚ್ಚಿನ ದುಡ್ಡು ತೆರಬೇಕಿಲ್ಲ. ಸವೆದ ಪ್ಲಗ್ ತೆಗೆದು ಯಾವ ಹೊಸದನ್ನು ಹಾಕಿದರೂ ಪಿಕಪ್ ಬಂದಂತೆಯೇ ಕಾಣುತ್ತದೆ. ಕಂಪನಿಯೇ ಇರಿಡಿಯಂ ಹೇಳಿರುವ ಕಾರಿನ ಮಾತು ಬೇರೆ.

ಇನ್ನು ಕೂರಿಸುವ ಕೈಚಳಕ. ಎಂಜಿನ್ ಆರಿರಬೇಕು, ಪ್ಲಗ್ಗಿನ ಗುಂಡಿಯ ಧೂಳನ್ನು ಊದಿ ತೆಗೆದಿರಬೇಕು, ಗ್ಯಾಪನ್ನು ಕಣ್ಣಂದಾಜಿಗೆ ಬಿಡದೆ ಗೇಜಿನಿಂದ ಅಳೆದಿರಬೇಕು. ನಮ್ಮ ಹಳೆಯ ಮೆಕ್ಯಾನಿಕ್‌ಗಳು ಮೊದಲು ಬರಿಗೈಯಲ್ಲೇ ತಿರುಗಿಸಿ ಕೂರಿಸುತ್ತಾರಲ್ಲ, ಅದು ನೂರಕ್ಕೆ ನೂರು ಸರಿ. ವಾಷರ್ ಇರುವ ಹೊಸ ಪ್ಲಗ್ಗಿಗೆ ಆಮೇಲೆ ಪಾನದಲ್ಲಿ ಅರ್ಧದಿಂದ ಮೂರನೇ ಎರಡರಷ್ಟು ಸುತ್ತು ಸಾಕು. ಹೆಡ್ ಅಲ್ಯೂಮಿನಿಯಂನದು, ತೋಳ್ಬಲ ತೋರಿಸಿದರೆ ಥ್ರೆಡ್ ಸ್ಲಿಪ್ಪಾಗುತ್ತದೆ. ಮುಂಗಾರಿನ ಬೆಳಿಗ್ಗೆ ಮಾತ್ರ ಮಿಸ್ಸಿಂಗ್ ಬಂದರೆ ಪ್ಲಗ್ಗನ್ನು ಶಂಕಿಸುವ ಮೊದಲು ಬಿರುಕುಬಿಟ್ಟ ವೈರುಗಳನ್ನೂ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗಿನ ತೇವವನ್ನೂ ನೋಡಬೇಕು.

ಈ ರೂಢಿಯಲ್ಲಿ ನಿಜಕ್ಕೂ ಮೇಲಾದದ್ದು, ಈಗ ಮರೆಯಾಗುತ್ತಿರುವುದು, ಬಿಚ್ಚಿದ ಪ್ಲಗ್ಗನ್ನು ಓದುವ ವಿದ್ಯೆ. ತಿಳಿಕಂದು ಬಣ್ಣವಿದ್ದರೆ ಎಂಜಿನ್ ಸುಖವಾಗಿದೆ. ಒಣ ಕಪ್ಪು ಮಸಿಯಾದರೆ ಪೆಟ್ರೋಲು ಹೆಚ್ಚಾಗಿ ಹೋಗುತ್ತಿದೆ, ಇಲ್ಲವೇ ಗಾಡಿ ಬಿಸಿಯೇರುವಷ್ಟು ಓಡುತ್ತಿಲ್ಲ. ಎಣ್ಣೆ ಜಿಡ್ಡಾದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಅತಿ ಶಾಖ. ಸ್ಕ್ಯಾನರ್ ಹಚ್ಚಲು ಸಾಕೆಟ್ಟೇ ಇಲ್ಲದ ಕಾರ್ಬ್ಯುರೇಟರ್ ಕಾರಿಗೆ ಇದಕ್ಕಿಂತ ಅಗ್ಗದ ತಪಾಸಣೆ ಇಲ್ಲ. ಉಪ್ಪು ಕಾಗದ ಅಳಿಸಿಹಾಕುವುದು ಇದನ್ನೇ.

ಆದ್ದರಿಂದ ಕಾರಿಟ್ಟುಕೊಂಡವರಲ್ಲಿ ಒಂದು ಮನವಿ. ಕೈಪಿಡಿಯಲ್ಲಿರುವ ನಂಬರನ್ನು ಬರೆದುಕೊಂಡು ಅಂಗಡಿಗೆ ಹೋಗಿ, ಪ್ಲಗ್ಗುಗಳನ್ನೆಲ್ಲ ಒಟ್ಟಿಗೆ ಬದಲಿಸಿ. ಹಳೆಯವನ್ನು ಎಸೆಯುವ ಮುಂಚೆ, ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಟ್ಟು ತೋರಿಸುವಂತೆ ಮೆಕ್ಯಾನಿಕ್‌ಗೆ ಹೇಳಿ.